ಮಗಳ ಕಾಲ ಬಳಿ ಚೆಂಡು

ಹೊಸ ಶತಮಾನದ ಮೊದಲ ವರ್ಷಗಳು. ಟೆಕ್ಸಸ್‌ನ ರಿಚರ್ಡ್‌ಸನ್ನಿನ ನಮ್ಮ ಟೆಲಿಕಾಂ ಆಫೀಸಿನ ಮ್ಯಾನೇಜರುಗಳೆಲ್ಲ ಗಾಲ್ಫ್ ಆಡುತ್ತಿದ್ದರೆಂದು ನಾನೂ ಶನಿವಾರ ಬೆಳಿಗ್ಗೆ ಪಕ್ಕದೂರು ಮರ್ಫಿಯ ಮನೆಯಿಂದ ಡ್ರೈವ್ ಮಾಡಿಕೊಂಡು ಪ್ರಾಕ್ಟೀಸ್ ಮೈದಾನಕ್ಕೆ ಹೋಗುತ್ತಿದ್ದೆ. ಪಕ್ಕದ ಜಾಗದಲ್ಲಿ ಯಾವಾಗಲೂ ಒಬ್ಬ ಕೊರಿಯನ್ ಅಪ್ಪ, ಅವನ ಪುಟ್ಟ ಮಗಳು. ಅವರ ದೇಶದ ಹುಡುಗಿಯೊಬ್ಬಳು ಅಮೆರಿಕದಲ್ಲಿ ದೊಡ್ಡ ಟೂರ್ನಮೆಂಟ್ ಗೆದ್ದ ಮೇಲೆ ಊರಿನ ಕೊರಿಯನ್ ಅಪ್ಪಂದಿರೆಲ್ಲ ಹೆಣ್ಣುಮಕ್ಕಳ ಕೈಗೆ ಗಾಲ್ಫ್ ಕೋಲು ಕೊಟ್ಟಿದ್ದರು. ಈತ ಡ್ರೈಕ್ಲೀನಿಂಗ್ ಅಂಗಡಿಯನ್ನು ಹೆಂಡತಿಗೆ ಬಿಟ್ಟು ಬರುತ್ತಿದ್ದ. ಮಗಳು ಹೊಡೆದ ಕೂಡಲೇ, ಕುಕ್ಕರಗಾಲಿನಲ್ಲಿ ಕೂತು, ಅವಳ ಪಾದದ ಮುಂದೆ ಮತ್ತೊಂದು ಚೆಂಡಿಡುತ್ತಿದ್ದ. ಹೊಗಳಿಕೆ ಮಾತ್ರ ಒಂದೂ ಇಲ್ಲ. ಚೆಂಡಿನ ಬುಟ್ಟಿ ಖಾಲಿಯಾದ ಮೇಲೆ ಅವಳು ಸೊಂಟ ಬಗ್ಗಿಸಿ ಅಪ್ಪನಿಗೆ ನಮಸ್ಕರಿಸುತ್ತಿದ್ದಳು, ಆತ ಅವಳ ಬ್ಯಾಗು ಹೊತ್ತು ಹಿಂದೆ ನಡೆಯುತ್ತಿದ್ದ.

"ಚಾಪ್‌ಸ್ಟಿಕ್ ಹಿಡಿಯೋ ಕೈ ಕಣ್ರೀ, ಅದಕ್ಕೇ ಗಾಲ್ಫ್ ಬರುತ್ತೆ" ಎಂದು ನಮ್ಮ ಕನ್ನಡಿಗರ ಪಾಟ್‌ಲಕ್ ಊಟಗಳಲ್ಲಿ ಅಂಕಲ್‌ಗಳು ತೀರ್ಪು ಕೊಡುತ್ತಿದ್ದರು. ಹಾಗಾದರೆ ಮುದ್ದೆ ನುಂಗುವ ನಾವು ಯಾವುದರಲ್ಲಿ ಚಾಂಪಿಯನ್ನೋ! ನನಗೆ ಕಂಡದ್ದು ಕೈಯಲ್ಲ, ಬಗ್ಗಿದ ಆ ಅಪ್ಪನ ಬೆನ್ನು. ನೋಡಿದಾಗಲೆಲ್ಲ ನನ್ನ ಅಪ್ಪ ನೆನಪಾಗುತ್ತಿದ್ದರು. ಮೈಸೂರಿನಲ್ಲಿ ನಾನು ಕಾಲೇಜಿನ ಹುಡುಗಿಯರ ಬಾಲ್ ಬ್ಯಾಡ್ಮಿಂಟನ್ ಟೀಮಿನಲ್ಲಿದ್ದೆ. ಅಪ್ಪ ಒಂದು ಪಂದ್ಯಕ್ಕೂ ಬರಲಿಲ್ಲ. ಕಪ್ ತಂದರೆ, "ಓದು ಕೆಡಿಸ್ಕೋಬೇಡ" ಅನ್ನುವರು. ಕೆಟ್ಟವರಲ್ಲ, ಪರೀಕ್ಷೆಯ ದಿನ ಕಾಲೇಜು ಗೇಟಿನ ಹೊರಗೆ, ಬಿಸಿಲಲ್ಲಿ, ಕಾಫಿ ಫ್ಲಾಸ್ಕ್ ಹಿಡಿದು ನಿಂತವರು. ಆ ಫ್ಲಾಸ್ಕು ಒಂದು ಸಲವಾದರೂ ಆಟದ ಕೋರ್ಟಿನ ಪಕ್ಕದಲ್ಲಿ ನನಗೆ ಬೇಕಿತ್ತು.

ಅಪ್ಪ ಟೆಕ್ಸಸ್‌ಗೆ ಬಂದ ಬೇಸಿಗೆಯಲ್ಲಿ ಅವರನ್ನು ಆ ಮೈದಾನಕ್ಕೆ ಕರೆದೊಯ್ದೆ. ಒಮ್ಮೆಯಾದರೂ ನಾನು ಆಡುವುದನ್ನು ಅವರು ನೋಡಲಿ, ಅಷ್ಟೇ ಆಸೆ.

"ಅಪ್ಪಾ, ಒಂದು ಬಾಲ್ ಇಟ್ಟುಕೊಡಿ."

"ಈ ವಯಸ್ಸಲ್ಲಿ ನಿನಗ್ಯಾಕೆ ಈ ಆಟ?" ಅಪ್ಪ ನಕ್ಕು ಹಿಂದಿನ ಬೆಂಚಿನಲ್ಲಿ ಕೂತರು.

ಕೊರಿಯನ್ ಅಪ್ಪನಿಗೆ ಕನ್ನಡ ಎಲ್ಲಿಂದ ಬರಬೇಕು? ಆದರೂ ಏನು ಅರ್ಥವಾಯಿತೋ, ಮಗಳ ಮುಂದೊಂದು ಚೆಂಡಿಟ್ಟವನು ಇತ್ತ ಬಂದು, ಬಗ್ಗಿ, ನನ್ನ ಕಾಲ ಬಳಿಯೂ ಒಂದನ್ನಿಟ್ಟ. ಹೊಡೆದೆ. ಚೆಂಡು ಹಿಂದೆಂದೂ ಹೋಗದಷ್ಟು ದೂರ, ನೇರವಾಗಿ ಹೋಯಿತು. ಬೆನ್ನ ಹಿಂದೆ ಚಪ್ಪಾಳೆ ಕೇಳಿಸಿತು.

ತಿರುಗಿದೆ. ಅಪ್ಪ ಎದ್ದು ನಿಂತು, ಕಣ್ಣರಳಿಸಿ, ಚಪ್ಪಾಳೆ ತಟ್ಟುತ್ತಿದ್ದರು. ನೋಟ ಪಕ್ಕದ ಹುಡುಗಿಯ ಮೇಲಿತ್ತು.

"ಏನ್ ಹೊಡೀತಾಳೆ ಕಣೆ ಆ ಮಗು! ನೀನೂ ನೋಡಿದ್ಯಾ?"