ಹಾಲಿನ ಕೋಣೆಯಲ್ಲೊಂದು ಒಂಟಿ ಸೀನು

ಇದನ್ನು ಬೇರೆ ಯಾರಾದರೂ ಹೇಳಿದ್ದರೆ ನಾನು ನಕ್ಕುಬಿಡುತ್ತಿದ್ದೆ, ಅದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಮನೆಯಿಂದ ಹೊರಡುವ ಹೊತ್ತಿಗೆ ಯಾರಾದರೂ ಒಂದೇ ಒಂದು ಸಲ ಸೀನಿದರೆ ನಮ್ಮ ಅತ್ತೆ ಹೊರಟವರನ್ನು ತಡೆದು ಕೂರಿಸುತ್ತಾರೆ. "ಒಂಟಿ ಸೀನು ಆತು. ಒಂಚೂರು ನೀರು ಕುಡ್ದು ಹೋಗವಾ" ಎನ್ನುತ್ತಾರೆ. ಹಾಗೆ ಕೂತು ಟಿ.ಬಿ. ಡ್ಯಾಂನಿಂದ ಹೊಸಪೇಟೆಗೆ ಬರುವ ಬಸ್ಸನ್ನು ನಾನು ಎಷ್ಟು ಸಲ ಬಿಟ್ಟಿದ್ದೇನೋ. "ನೆಗಡಿ ಹತ್ತಿದ ದಿನ ನೀವು ಯಾರನ್ನೂ ಹೊರಗ ಬಿಡಂಗಿಲ್ಲ ಬಿಡ್ರಿ ಅತ್ತಿ" ಎಂದು ಚುಡಾಯಿಸುತ್ತಿದ್ದೆ. ಸೀನು ಮೂಗಿಗೆ ಸಂಬಂಧಪಟ್ಟದ್ದು, ನಸೀಬಿಗಲ್ಲ ಎಂಬುದು ನನ್ನ ವಾದ.

ನಾನು ಆಸ್ಪತ್ರೆಯೊಂದರ ತಾಯಿ ಹಾಲಿನ ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆ. ಬಾಣಂತಿಯರು ತಮ್ಮ ಕೂಸಿಗೆ ಕುಡಿಸಿ ಮಿಕ್ಕ ಹಾಲನ್ನು ನಮಗೆ ಕೊಡುತ್ತಾರೆ. ಅದನ್ನು ಒಟ್ಟು ಸೇರಿಸಿ, ಹದವಾಗಿ ಕಾಯಿಸಿ, ತಣಿಸಿ, ಪರೀಕ್ಷೆ ಮಾಡಿಸಿ, ದಿನ ತುಂಬುವ ಮೊದಲೇ ಹುಟ್ಟಿದ ಮಕ್ಕಳಿಗೆ ಕೊಡುತ್ತೇವೆ. ಅಲ್ಲಿ ಶುಚಿಯೇ ಎಲ್ಲ. ಕೈಗವಸು ಹಾಕಿದ ಮೇಲೆ ಮೂಗು ತುರಿಸಿದರೂ ಮುಟ್ಟುವಂತಿಲ್ಲ. ಮುಟ್ಟಿದೆವೋ, ಮತ್ತೆ ಕೈ ತೊಳೆದು ಹೊಸ ಗವಸು ಹಾಕಿಕೊಳ್ಳಬೇಕು.

ಇದಕ್ಕೆ ಅನುಕೂಲವಾಗಲೆಂದು ಎರಡು ವರ್ಷದ ಹಿಂದೆ ಒಂದು ಕಂಪನಿಯವರು ಬಳಸಿ ನೋಡಿ ಎಂದು ಒಂದು ಕನ್ನಡಕ ಕೊಟ್ಟರು. ಹಾಕಿಕೊಂಡರೆ ಮುಂದೇನು ಮಾಡಬೇಕೆಂಬುದು ಗಾಳಿಯಲ್ಲೇ ಬರೆದ ಹಾಗೆ ಕಣ್ಣೆದುರು ಕಾಣುತ್ತದೆ. ಅದಕ್ಕೆ ಕೈಯ ಕೆಲಸವಿಲ್ಲ. "ಮುಂದ" ಎಂದರೆ ಮುಂದಿನ ಹಂತ ತೋರಿಸುತ್ತದೆ, "ತಡಿ" ಎಂದರೆ ನಿಲ್ಲುತ್ತದೆ. ತಲೆಯಾಡಿಸಿಯೂ ಹೇಳಬಹುದಿತ್ತು. ಆದರೆ ನಾವು "ಆತು ಬಿಡ್ರಿ" ಎನ್ನುವಾಗ ತಲೆಯನ್ನು ಅತ್ತಿತ್ತ ತೂಗುತ್ತೇವಲ್ಲ, ಕನ್ನಡಕ ಅದನ್ನು ಬೇಡ ಎಂದು ತಿಳಿದು ನಮ್ಮನ್ನು ಹಿಂದಕ್ಕೇ ಕಳಿಸುತ್ತಿತ್ತು. ಕಡೆಗೆ ಕಂಪನಿಯ ಇಂಜಿನಿಯರ್ ಬಂದು ತಲೆಯ ಸಹವಾಸ ಬಿಡಿಸಿ, ಬರೀ ಮಾತು ಕೇಳುವಂತೆ ಮಾಡಿದ. ಆಮೇಲೆ ನನಗೆ ಅದು ಭಾರಿ ಹಿಡಿಸಿತು. ಮನೆಯಲ್ಲಿ ಕೂಡ ಹೀಗೆ ಹೇಳಿದ ಮಾತು ಕೇಳುವವರು ಒಬ್ಬರಿದ್ದರೆ ಎನ್ನಿಸುತ್ತಿತ್ತು.

ಆಗ ಯಶವಂತನಗರದ ಹುಲಿಗೆಮ್ಮನ ಹೆಣ್ಣುಕೂಸು ನಮ್ಮಲ್ಲಿತ್ತು. ಗಂಡ ಗಣಿಯಲ್ಲಿ ಲಾರಿ ಓಡಿಸುತ್ತಾನೆ. ಕೂಸು ಎರಡು ಅಂಗೈಯಲ್ಲಿ ಹಿಡಿಯುವಷ್ಟಿತ್ತು. ತಾಯಿಗೆ ಜ್ವರ ಬಿಟ್ಟಿರಲಿಲ್ಲ, ಹಾಲೂ ಬಂದಿರಲಿಲ್ಲ. ಡಬ್ಬಿ ಹಾಲನ್ನು ಆ ಎಳೆಯ ಕರುಳು ತಡೆಯುವುದಿಲ್ಲ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ನಮ್ಮಲ್ಲಿ ಸಿದ್ಧವಾಗಿದ್ದ ಹಾಲು ಇನ್ನೆರಡು ದಿನಕ್ಕೆ ಮಾತ್ರ ಸಾಲುತ್ತಿತ್ತು. ಹೊಸ ಹಾಲಿನ ಪರೀಕ್ಷೆಗೂ ಅಷ್ಟೇ ದಿನ ಬೇಕು. ಫ್ರೀಜರಿನಲ್ಲಿ ಇನ್ನೂ ಕಾಯಿಸದೆ ಇದ್ದದ್ದು ನಾಲ್ಕೇ ಬಾಟಲಿ. ಅವು ಕೆಟ್ಟರೆ ಆ ಕೂಸಿಗೆ ಏನು ಕೊಡುವುದೆಂದು ನಮಗೆ ಗೊತ್ತಿರಲಿಲ್ಲ. ನನ್ನ ಜೊತೆಗಾರ್ತಿ ಶಾಂತಾ ಹಾಲು ಕೊಡುವವರನ್ನು ಹುಡುಕಿಕೊಂಡು ಕಂಪ್ಲಿಗೆ ಹೋಗಿದ್ದಳು.

ಮಧ್ಯಾಹ್ನದ ಊಟಕ್ಕೆ ಮುಂಚೆ ನಾನೊಬ್ಬಳೇ ಒಳಗೆ ಹೋದೆ. ಗಾಜಿನ ಆಚೆ ಹುಲಿಗೆಮ್ಮ ಗೋಡೆ ಹಿಡಿದು ನಿಂತಿದ್ದಳು. ಬಾಗಿಲು ಹಾಕುವ ಮೊದಲು, "ಅಕ್ಕಾರ, ಹಾಲು ಸಾಲ್ತೈತೇನ್ರಿ?" ಎಂದಳು. "ಸಾಲ್ತೈತವಾ, ನೀ ಹೋಗಿ ಮಲ್ಕೋ" ಎಂದೆ. ಅವಳು ಹೋಗಲಿಲ್ಲ.

ಫ್ರೀಜರಿನಲ್ಲಿ ಗಟ್ಟಿಯಾಗಿದ್ದ ಬಾಟಲಿಗಳನ್ನು ಉಗುರುಬೆಚ್ಚನೆಯ ನೀರಿನಲ್ಲಿ ಇಟ್ಟು ಕರಗಿಸಿದೆ. ಹಾಲು ಕರಗಿದ ಮೇಲೆ ಒರೆಸಿ, ಒಣಗಿದ ಸ್ಟೀಲ್ ತಟ್ಟೆಯಲ್ಲಿ ಸಾಲಾಗಿ ಇಟ್ಟು, ಎಲ್ಲವನ್ನೂ ದೊಡ್ಡ ಪಾತ್ರೆಗೆ ಸುರಿಯಲು ಮೊದಲನೆಯದನ್ನು ಎತ್ತಿಕೊಂಡೆ. ಆಗ ನನ್ನ ಎಡಕಿವಿಯ ಹಿಂದೆ ಯಾರೋ ಸೀನಿದರು. ಒಂದೇ ಸಲ.

ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಬಾಗಿಲು ಹಾಕಿದಂತೆಯೇ ಇತ್ತು, ಗಾಜು ದಪ್ಪ, ಆಚೆಯ ಶಬ್ದ ಒಳಗೆ ಬರುವುದಿಲ್ಲ. ಕಣ್ಣೆದುರು ಮಾತ್ರ ಕೆಂಪಕ್ಷರದಲ್ಲಿ "ತಡೆಯಲಾಗಿದೆ" ಎಂದು ಮೂಡಿತ್ತು. "ಮುಂದ" ಎಂದೆ. ಕದಲಲಿಲ್ಲ. ಜೋರಾಗಿ, ಸಿಟ್ಟಿನಿಂದ, ಕಡೆಗೆ ಬೇಡಿಕೊಳ್ಳುವವಳ ಹಾಗೆ "ಮುಂದ, ಮುಂದ" ಎಂದೆ. ಅದು ಜಪ್ಪಯ್ಯ ಅನ್ನಲಿಲ್ಲ. ಕನ್ನಡಕ ಕಿತ್ತುಹಾಕೋಣವೆಂದರೆ ಗವಸಿನ ಕೈ. ಅತ್ತೆಯ ನೆನಪಾಯಿತು, ಸುಳ್ಳೇಕೆ ಹೇಳಲಿ. ಬಾಟಲಿಯನ್ನು ತಟ್ಟೆಗೆ ಇಳಿಸಿ, ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತೆ.

ಕೂತಾಗ ತಟ್ಟೆ ಕಣ್ಣಿನ ಮಟ್ಟಕ್ಕೆ ಬಂತು. ಮೂರನೆಯ ಬಾಟಲಿಯ ಬುಡದಲ್ಲಿ, ನಾನು ಚೆನ್ನಾಗಿ ಒರೆಸಿಟ್ಟಿದ್ದ ಜಾಗದಲ್ಲಿ, ಹಾಲಿನ ತೆಳ್ಳನೆಯ ಗೆರೆಯೊಂದು ಮೆಲ್ಲಗೆ ಹರಡುತ್ತಿತ್ತು. ಬುಡದಲ್ಲಿ ಕೂದಲೆಳೆಯಷ್ಟು ಬಿರುಕು. ಅಂದರೆ ಕರಗಿಸಿದ ನೀರು ಒಳಗೆ ಸೇರಿತ್ತು. ಅದನ್ನು ಬೆರೆಸಿದ್ದರೆ ನಾಲ್ಕೂ ಬಾಟಲಿಯ ಹಾಲನ್ನು ಚೆಲ್ಲಬೇಕಾಗುತ್ತಿತ್ತು.

ಬಿರುಕು ಬಿಟ್ಟದ್ದನ್ನು ದೂರ ಸರಿಸಿ, ಗವಸು ಬದಲಿಸಿ, ಹೊಸ ತಟ್ಟೆ ತಂದೆ. "ಮುಂದ" ಎಂದೆ. ಏನೂ ಆಗಿಲ್ಲವೆಂಬಂತೆ ಕನ್ನಡಕ ಮುಂದಕ್ಕೆ ಹೋಯಿತು. ಮೂರು ಬಾಟಲಿಯ ಹಾಲು ಪರೀಕ್ಷೆಯಲ್ಲಿ ಪಾಸಾಯಿತು, ಶಾಂತಾ ಕಂಪ್ಲಿಯಿಂದ ತಂದ ಹಾಲು ಸಿದ್ಧವಾಗುವವರೆಗೆ ಕೂಸಿಗೆ ಸಾಲಿತು.

ಸೀನಿದರೆ ಕನ್ನಡಕ ನಿಲ್ಲುತ್ತದೆಯೇ ಎಂದು ಇಂಜಿನಿಯರನ್ನು ಕೇಳಿದೆ. "ಮೇಡಂ, ಅದಕ್ಕ ಸೀನು ಅಂದ್ರ ಏನಂತನೇ ಗೊತ್ತಿಲ್ರಿ. ನೀವೇ ತಡಿ ಅಂದಿರ್ತೀರಿ" ಎಂದ. ಆಗ ನಾನು ಬಾಯಿಬಿಟ್ಟಿರಲಿಲ್ಲ ಎಂಬುದು ನನಗೆ ಗೊತ್ತು. ಆದರೂ ಅವನ ಮಾತೇ ನಿಜವಿರಬಹುದು, ಇಲ್ಲವೇ ಯಂತ್ರ ಕೈಕೊಟ್ಟ ಗಳಿಗೆ ನಮಗೆ ಒಳ್ಳೆಯದಾಗಿರಬಹುದು. ಹಾಗಾದರೆ ಆ ಸೀನು ಯಾರದು? ಅದು ಈಗಲೂ ಕಿವಿಯಲ್ಲಿದೆ. ಅತ್ತೆಗೆ ಇದನ್ನು ಇನ್ನೂ ಹೇಳಿಲ್ಲ. ಹೇಳಿದರೆ ನಾನು ಮತ್ತೆ ಯಾವ ಬಸ್ಸನ್ನೂ ಹಿಡಿಯುವಂತಿಲ್ಲ.

ಹುಲಿಗೆಮ್ಮನ ಕೂಸು ಮೈತುಂಬಿಕೊಂಡು ಮನೆಗೆ ಹೊರಟ ದಿನ ನಾನೂ ಬಾಗಿಲವರೆಗೆ ಹೋದೆ. ಹೊರಗೆ ಗಂಡ ಆಟೋ ನಿಲ್ಲಿಸಿಕೊಂಡು ಜಲ್ದಿ ಜಲ್ದಿ ಎನ್ನುತ್ತಿದ್ದ. ಅವಳು ಹೊಸ್ತಿಲ ಮೇಲೆ ಕಾಲಿಟ್ಟಳು, ಸೆರಗಿನೊಳಗಿದ್ದ ಕೂಸು ಸೀನಿತು. ಒಂದೇ ಸಲ.

ನಾನು ಓಡಿಹೋಗಿ ಕುರ್ಚಿ ಎಳೆದು ತಂದೆ.

"ನೀವೂ ಇದನ್ನೆಲ್ಲ ನಂಬ್ತೀರೇನ್ರಿ ಅಕ್ಕಾರ?" ಎಂದು ಅವಳು ನಕ್ಕಳು.

"ಗೊತ್ತಿಲ್ಲವಾ" ಎಂದೆ. "ಮೊದ್ಲು ಕುಂದ್ರು. ನೀರು ತರ್ತೀನಿ."