ಟ್ಯಾಗಿನೊಳಗಿನ ಟ್ಯಾಗು

ಗೋಕುಲ ರಸ್ತೆಯ ನಮ್ಮ ಕಚೇರಿಯಲ್ಲಿ ಆಸ್ಪತ್ರೆಯೊಂದರ ರೋಗಿಗಳ ವಿವರವನ್ನು ಡಬ್ಬಿಯೊಳಗೆ ಡಬ್ಬಿಯಂತೆ ಟ್ಯಾಗುಗಳಲ್ಲಿಟ್ಟ ಹಳೆಯ ಎಕ್ಸ್‌ಎಂಎಲ್ ಫೈಲುಗಳನ್ನು ಓದುವ ಸ್ಕ್ರಿಪ್ಟ್ ಬರೆದವರು ಹಿರಿಯ ಪ್ರೋಗ್ರಾಮರ್. ನಾನು ವಾದಕ್ಕಿಳಿದರೆ ಕನ್ನಡಕ ಹಣೆಗೇರಿಸಿ, "ಸಿಗಲಿಲ್ಲಂದ್ರ ಇಲ್ಲಂತನ ಅರ್ಥರೀ, ವಕೀಲ್ರ" ಎಂದು ಛೇಡಿಸುತ್ತಿದ್ದರು.

"ನಿಮ್ಮ ಸ್ಕ್ರಿಪ್ಟ್ ಹೊರಗಿನ ಟ್ಯಾಗಷ್ಟ ನೋಡ್ತದರಿ, ಸರ. ಅದರೊಳಗಿನ ಟ್ಯಾಗು?" ಎಂದು ಅವತ್ತು ನಾನು ಕೇಳಿದೆ.

"ತೋರಸ್ರಿ ಹಂಗಾರ," ಎಂದು ತೀರಿಹೋದ ತಮ್ಮ ಹೆಂಡತಿಯ ಫೈಲನ್ನೇ ತೆರೆದರು. ಇಂಜೆಕ್ಷನ್ ಒಗ್ಗದೆ ಆಕೆ ಅದೇ ಆಸ್ಪತ್ರೆಯಲ್ಲಿ ಜೀವ ಬಿಟ್ಟಿದ್ದರು. ಒಗ್ಗುವುದಿಲ್ಲವೆಂದು ಯಾರಿಗೂ ಗೊತ್ತಿರಲಿಲ್ಲ ಎಂಬುದೊಂದೇ ಅವರ ಸಮಾಧಾನ.

'ಅಲರ್ಜಿ' ಹುಡುಕಿದ ಅವರ ಸ್ಕ್ರಿಪ್ಟಿಗೆ ಏನೂ ಸಿಗಲಿಲ್ಲ. ನಾನು ಒಂದು ಸಾಲು ತಿದ್ದಿ ಎಲ್ಲ ಪದರಗಳನ್ನೂ ಹುಡುಕಿಸಿದೆ. ಹಿಂದಿನ ಹೆರಿಗೆಯ ಟ್ಯಾಗಿನೊಳಗೆ, 'ಅಲರ್ಜಿ' ಎಂಬಲ್ಲಿ, ಅದೇ ಇಂಜೆಕ್ಷನ್ನಿನ ಹೆಸರಿತ್ತು.

"ಗೊತ್ತಿತ್ತಲ್ರೀ ಆಸ್ಪತ್ರಿಯವರಿಗೆ," ಎಂದರು. ಆಮೇಲೆ ಮೌಸನ್ನು ನನ್ನ ಕಡೆ ಸರಿಸಿದರು. "ಫೈಲ್ ನೀವ ಮುಚ್ರಿ."