ಅಕ್ಕೋರ ಬಸ್ಸು

ಮೊನ್ನೆ ಪಕ್ಕದ ಮನೆಯಲ್ಲಿ ಗೋಧಿಹಿಟ್ಟು ಹುರಿಯುತ್ತಿದ್ದರು. ಬೆಲ್ಲ ಬಿದ್ದ ಕೂಡಲೇ ಆ ವಾಸನೆ ನನ್ನ ಅಡಿಗೆಮನೆಗೂ ನುಗ್ಗಿತು ನೋಡಿ, ಲಟ್ಟಣಿಗೆ ಹಿಡಿದ ಕೈ ಹಾಗೇ ನಿಂತುಬಿಟ್ಟಿತು. ಬ್ಯಾಡಗಿಯಲ್ಲಿ ನಮ್ಮ ಓಣಿಯ ಅಂಗನವಾಡಿಯ ವಾಸನೆ ಅದು. ಅಲ್ಲಿ ಮಕ್ಕಳಿಗೆ ಕಲಿಸುತ್ತಿದ್ದ ಅಕ್ಕೋರು… ಎಷ್ಟು ವರ್ಷವಾಯಿತು!

ಎರಡು ಸಾವಿರದ ಐದಾರನೆಯ ಇಸವಿ ಇರಬೇಕು. ನನ್ನ ಮಗಳಿಗೆ ನಾಲ್ಕು ವರ್ಷವಾದರೂ ಮಾತು ಬಂದಿರಲಿಲ್ಲ. "ಅವರಪ್ಪನೂ ತಡಾ ಮಾಡೇ ಮಾತಾಡಿದ್ದು," ಎಂದು ನಮ್ಮ ಅತ್ತೆ ತೇಲಿಸಿಬಿಡುತ್ತಿದ್ದರು. ಕರೆದರೆ ತಿರುಗದ ಹುಡುಗಿಯನ್ನು ಹಟಮಾರಿ ಎಂದು ಎಲ್ಲರೂ ಬಯ್ಯುತ್ತಿದ್ದೆವು. ಅಂಗನವಾಡಿಗೆ ಹಾಕಿದರೆ ನಾಲ್ಕಕ್ಷರವಾದರೂ ಬಂದೀತು ಎಂದುಕೊಂಡರೆ, ಅಕ್ಕೋರು ತಮ್ಮ ಸೆರಗನ್ನು ಮಕ್ಕಳ ಕೈಗೆ ಕೊಟ್ಟು, "ರಾಣೆಬೆನ್ನೂರ, ರಾಣೆಬೆನ್ನೂರ! ಲಗೂ ಹತ್ರಿ!" ಎಂದು ಕೂಗುತ್ತ ಅಂಗಳ ಸುತ್ತುತ್ತಿದ್ದರು. ಸೀಟಿ ಊದುವವನೊಬ್ಬ, ಹುಣಸೆಬೀಜ ಎಣಿಸಿಕೊಂಡು ಟಿಕೆಟ್ ಕೊಡುವವಳೊಬ್ಬಳು.

ನನಗೆ ಸಿಟ್ಟು ನೆತ್ತಿಗೇರಿತು. ಮಗಳನ್ನು ಬಿಡಿಸಿ ಕಾನ್ವೆಂಟಿಗೆ ಹಾಕುತ್ತೇನೆಂದು ಹೇಳಲು ಒಂದು ಮಧ್ಯಾಹ್ನ ಹೋದೆ.

"ಬರೇ ಆಟಾ ಆಡಸ್ತೀರಲ್ರಿ ಅಕ್ಕೋರ! ಅ, ಆ ಯಾವಾಗ ಕಲಸ್ತೀರಿ?"

"ಆಡಲಿ ಬಿಡ್ರಿ ಅವ್ವಾರ, ಆಡಿಕೋಂತನ ಕಲೀತಾವ," ಎಂದು ನಕ್ಕರು.

ಅವತ್ತು ಕಣ್ಣಾಮುಚ್ಚಾಲೆ ನಡೆದಿತ್ತು. ಕಣ್ಣು ಕಟ್ಟಿಸಿಕೊಳ್ಳುವ ಸರದಿ ನನ್ನ ಮಗಳದು. ಬಟ್ಟೆ ಬಿಗಿದದ್ದೇ ತಡ, ಮಕ್ಕಳು ಸುತ್ತ ನಿಂತು ಚಪ್ಪಾಳೆ ತಟ್ಟಿದವು, ಹೆಸರು ಹಿಡಿದು ಕೂಗಿದವು. ಅವಳು ಅಲುಗಲಿಲ್ಲ. ಅಕ್ಕೋರು ಬೆನ್ನ ಹಿಂದೆ ಹೋಗಿ ತಾವೇ ಚಪ್ಪಾಳೆ ತಟ್ಟಿದರು. ಊಹೂಂ. ಊಟದ ತಾಟು ಎತ್ತಿ ಸೌಟಿನಿಂದ ಢಣ್ ಎಂದು ಬಾರಿಸಿದರು. ನಾನೇ ಬೆಚ್ಚಿಬಿದ್ದೆ, ಕೂಸು ಸುಮ್ಮನೆ ನಿಂತೇ ಇತ್ತು!

ಅಕ್ಕೋರ ಕೈಯಿಂದ ತಾಟು ಜಾರಿತು. "ಯವ್ವಾ… ಈ ಕೂಸಿಗೆ ಕಿವಿ ಕೇಳಸಾಂಗಿಲ್ರೀ," ಎಂದವರೇ ನೆಲದ ಮೇಲೆ ಕೂತುಬಿಟ್ಟರು. ಎತ್ತಿ ಆಡಿಸಿದ ಮಗಳು! ನನ್ನ ಜೋಗುಳ ಒಂದೂ ಅವಳಿಗೆ ಮುಟ್ಟಿರಲಿಲ್ಲವೇ?

ಹುಬ್ಬಳ್ಳಿಯ ಡಾಕ್ಟರು ಹೌದೆಂದರು. ಕಿವಿಯ ಮಷಿನ್ ಬರಲು ತಿಂಗಳುಗಳೇ ಹಿಡಿದವು. ಅಲ್ಲಿಯವರೆಗೆ ಅಕ್ಕೋರು ಅವಳನ್ನು ಉಪ್ಪುಮೂಟೆ ಹೊತ್ತು "ಬಸ್ಸು ಬಂತು ಬಸ್ಸು" ಎಂದು ಹಾಡುತ್ತ ತಿರುಗುತ್ತಿದ್ದರು. ಇವಳು ಅವರ ಗಂಟಲ ಮೇಲೆ ಅಂಗೈ ಇಟ್ಟು, ಅಲ್ಲಿ ಗುಂಯ್‌ಗುಟ್ಟುವುದನ್ನು ಹಿಡಿದು, ತಾನೂ "ಬ್ಬ… ಬ್ಬ…" ಎನ್ನುತ್ತಿದ್ದಳು. ಒಂದು ದಿನ "ಬಸ್ಸು" ಎಂದು ತೊದಲಿಯೇಬಿಟ್ಟಳು! ಅವ್ವ ಅಲ್ಲ, ಅಪ್ಪ ಅಲ್ಲ, ಬಸ್ಸು! ನಾನೂ ಅಕ್ಕೋರೂ ಅಳುತ್ತಳುತ್ತಲೇ ನಕ್ಕೆವು.

ಮಷಿನ್ ಹಾಕಿಸಿಕೊಂಡು ಬಂದ ದಿನ ಮನೆಗೂ ಹೋಗದೆ ಸೀದಾ ಅಂಗನವಾಡಿಗೆ ನಡೆದೆವು. ಅಕ್ಕೋರು ಮಾತಾಡಿಸುವುದನ್ನು ಅವಳು ಕೇಳಲಿ ಎಂದು. ಬಾಗಿಲಿಗೆ ಕೀಲಿ. ಕಟ್ಟೆಯ ಮೇಲೆ ಕೂತಿದ್ದ ಆಯಾ ನಮ್ಮನ್ನು ಕಂಡು ಬಾಯಿಗೆ ಸೆರಗು ಒತ್ತಿಕೊಂಡಳು.

"ಮುಂಜಾನೆ ಎದಿ ಹಿಡಕೊಂಡು ಕುಂತ್ರು… ಹಾವೇರಿ ದವಾಖಾನಿ ಮುಟ್ಟೋದ್ರಾಗ ಜೀವ ಹೋಗಿತ್ರೀ."

ಮುಂಜಾನೆ! ನಾವು ಹುಬ್ಬಳ್ಳಿಯಲ್ಲಿ ಮಷಿನ್ ಹಾಕಿಸುತ್ತಿದ್ದ ಹೊತ್ತು. ದೇವರಿಗೆ ಕಣ್ಣಿಲ್ಲವೇ ಎಂದು ಅಲ್ಲೇ ಕೂಗಾಡಿದೆ.

ಈಗ ಮಗಳು ಶುದ್ಧ ಬಾಯಿಬಡುಕಿ. ಮೊನ್ನೆ ಸಂಜೆ ಈ ಮಾತು ತೆಗೆದಾಗ ಕೇಳಿದಳು: "ಅವ್ವಾ, ಅಕ್ಕೋರ ಧ್ವನಿ ಹೆಂಗಿತ್ತು?"

ಹೇಳಲು ಬಾಯಿ ತೆರೆದೆ. ಕೀರಲೋ, ದಪ್ಪವೋ… ದಿನಾ ಕೇಳಿದ ಧ್ವನಿ, ಒಂದು ಚೂರೂ ನೆನಪಿಗೆ ಬರಲೊಲ್ಲದು! ಅಯ್ಯೋ, ಅದನ್ನು ನಾನೂ ಕಳೆದುಕೊಂಡಿದ್ದೆ. ಮಗಳು ನನ್ನ ತುಟಿಗಳನ್ನೇ ನೋಡುತ್ತ ಕಾಯುತ್ತಿದ್ದಳು.